ನಲವತ್ತೊಂದು ಬೀಗಗಳು ಮರೆತ ಕೈ

ಅರಿಷಡ್ವರ್ಗದಲ್ಲಿ ಕ್ರೋಧವು ಎರಡನೆಯದೆಂದು ಓದಿದವನು ನಾನು. ಮೂವತ್ತೆಂಟು ವರ್ಷ ದೇವಸ್ಥಾನದ ಪ್ರಾಕಾರದಲ್ಲಿ ವ್ಯಾಸಪೀಠದ ಮುಂದೆ ಕುಳಿತು ಇತರರಿಗೂ ಅದನ್ನೇ ಹೇಳಿದವನು. ಆದರೂ ಕಳೆದ ಶ್ರಾವಣದಿಂದ ಈ ಕ್ರೋಧವನ್ನು ನಾನು ಮನೆಯೊಳಗೇ ಇಟ್ಟುಕೊಂಡಿದ್ದೇನೆ. ಅಗ್ನಿಹೋತ್ರಿಯು ಕುಂಡದ ಕೆಂಡವನ್ನು ಕಾಯುವಂತೆ ದಿನವೂ ಕಾಯುತ್ತಿದ್ದೇನೆ. ಅದು ಆರಿದರೆ ನಾನಾಡಿದ ಒಂದು ಮಾತು ನನಗೇ ಮರೆತುಹೋದೀತೆಂಬ ಭಯ ನನ್ನದು. ಮರೆಯುವ ಅಧಿಕಾರ ನನಗಿಲ್ಲ.

ನಮ್ಮೂರಿನಲ್ಲಿ ಬೀಗಕ್ಕೆ ಕೀಲಿಕೈಯೊಂದೇ ಸಾಲದು, ಕೈಯೂ ಬೇಕು. ಹೊಸ ಬೀಗ ಕೂರಿಸಿದ ದಿನ, ಅಥವಾ ಹಳೆಯ ಬೀಗದ ಪಿನ್ನುಗಳನ್ನು ಬದಲಿಸಿದ ದಿನ, ಆ ಮನೆಯಲ್ಲಿ ಸಂಜೆಯ ದೀಪ ಹಚ್ಚುವುದರೊಳಗೆ ಯಾರು ಯಾರು ಕೀಲಿಕೈಯನ್ನು ತಿರುಗಿಸಿರುವರೋ ಅವರ ಕೈಗಷ್ಟೇ ಬೀಗವು ಮುಂದೆ ಒಲಿಯುತ್ತದೆ. ಉಳಿದವರ ಕೈಯಲ್ಲಿ ಅದೇ ಕೀಲಿಕೈಯು ಬೆಣ್ಣೆಯಲ್ಲಿ ತಿರುಗಿದಂತೆ ಸುತ್ತುತ್ತಲೇ ಇರುತ್ತದೆ, ಅಗುಳಿ ಅಲುಗುವುದಿಲ್ಲ. ಹೀಗಾಗಿ ನಮ್ಮಲ್ಲಿ ನಾಮಕರಣದ ದಿನವೇ ಪಿನ್ನು ಬದಲಿಸಿ, ಕೂಸಿನ ಮುಷ್ಟಿಯೊಳಗೆ ಕೀಲಿಕೈಯಿಟ್ಟು, ತಾಯಿ ಅದನ್ನು ಹಿಡಿದು ತಿರುಗಿಸುತ್ತಾಳೆ. ಸೊಸೆ ಮನೆ ತುಂಬುವ ದಿನವೂ ಹಾಗೆಯೇ. ಹಿಂದೊಮ್ಮೆ ಎಣ್ಣೆ ಗಾಣದ ಮನೆಯ ಹಿರಿಯರು ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಾಗ ಅವರ ಮನೆಯ ಬೀಗ ಕೆಟ್ಟಿತು. ಮಕ್ಕಳು ಬಾಗಿಲನ್ನೇ ಕೀಲಿನಿಂದ ಕಳಚಿ, ಗಾಡಿಯ ಮೇಲೆ ಹೇರಿಕೊಂಡು ಹೋಗಿ, ಮಂಚದ ಪಕ್ಕದಲ್ಲಿ ನಿಲ್ಲಿಸಿ, ತಂದೆಯ ಕೈಯಿಂದ ತಿರುಗಿಸಿ, ದೀಪದ ಹೊತ್ತಿಗೆ ಮರಳಿ ತಂದರು. ಯಾರೂ ನಗಲಿಲ್ಲ. ದಾದಿಯರು ಬಾಗಿಲಿಗೆ ದಾರಿ ಬಿಟ್ಟು ನಿಂತರು. ಮನಸ್ಸಿದ್ದವರು ಮಾಡುವ ರೀತಿ ಅದು. ಇದನ್ನು ಓದುವವರು ನೆನಪಿನಲ್ಲಿಟ್ಟುಕೊಳ್ಳಬೇಕು.

ಬೀಗದ ಕೆಲಸಕ್ಕೆ ಊರಿಗೆಲ್ಲ ಮೌನಪ್ಪಾಚಾರಿ ಒಬ್ಬನೇ. ಹೆಸರು ಮೌನಪ್ಪ, ಬಾಯಿ ಮಾತ್ರ ಕೆಲಸ ಮುಗಿದರೂ ಮುಚ್ಚುವುದಿಲ್ಲ. ಸ್ವಸ್ತಿವಾಚನಕ್ಕೆ ನಾನು. ಮಂತ್ರ ಹೇಳಿದವನೇ ಮೊದಲು ಕೀಲಿಕೈ ತಿರುಗಿಸಬೇಕೆಂಬುದು ಸಂಪ್ರದಾಯವಾದ್ದರಿಂದ ಊರಿನ ನಲವತ್ತೊಂದು ಮನೆಗಳ ಬೀಗಗಳು ನನ್ನ ಕೈಯನ್ನು ಬಲ್ಲವಾಗಿದ್ದವು. ಅಷ್ಟು ಬಾಗಿಲುಗಳಲ್ಲಿ ಒಂದನ್ನೂ ನಾನು ಕರೆಯದೆ ತೆರೆದವನಲ್ಲ. ಎಲ್ಲರೂ ತಿರುಗಿಸಿಯಾದ ಮೇಲೆ ಆಚಾರಿಯು ಬೀದಿಗೆ ಮುಖಮಾಡಿ ಮೂರು ಸಲ ಕೇಳಬೇಕು: “ಈ ಮನೆಯ ಕೈ ಇನ್ನೊಂದು ಉಳಿದಿದೆಯೇ?” ಮನೆಯವರ ಪರವಾಗಿ ಮಂತ್ರ ಹೇಳಿದವನು ಉತ್ತರಿಸಬೇಕು. ಆತ “ಉಳಿದಿಲ್ಲ” ಎಂದನೆಂದರೆ ಆಚಾರಿಯು ತನ್ನ ಚೀಲ ಕಟ್ಟುತ್ತಾನೆ.

ನಮ್ಮ ಮನೆಯ ಎದುರು ಸಾಲಿನಲ್ಲಿರುವುದು ಪದ್ಮನಾಭಯ್ಯನವರ ಮನೆ. ದೇವಸ್ಥಾನದ ಧರ್ಮದರ್ಶಿಗಳು, ತ್ರಿಕಾಲ ಸಂಧ್ಯಾವಂದನೆ ತಪ್ಪಿಸಿದವರಲ್ಲ. ಅವರ ಕಿರಿಯ ಮಗ ಮುಕುಂದ ಎರಡು ವರ್ಷದ ಹಿಂದೆ ಜ್ವರದಲ್ಲಿ ತೀರಿಕೊಂಡ. ಅವನ ಹೆಂಡತಿ ವೈಜಯಂತಿ ಹೆಣ್ಣುಮಕ್ಕಳ ಶಾಲೆಯಲ್ಲಿ ಉಪಾಧ್ಯಾಯಿನಿ. ತವರಿಗೆ ಹೋಗು ಎಂದು ಮಾವನವರು ಸೂಚಿಸಿದ್ದು, ಇದು ನನ್ನ ಮನೆ, ಇಲ್ಲಿಯೇ ಇರುತ್ತೇನೆ ಎಂದು ಆಕೆ ಹೇಳಿದ್ದು ಬೀದಿಗೆಲ್ಲ ತಿಳಿದ ಸಂಗತಿ. ಹೊರಗೆ ಹಾಕಿದರೆ ಊರು ಆಡಿಕೊಳ್ಳುತ್ತದೆ. ಬೀಗ ಬದಲಿಸಿದರೆ ಯಾರೇನು ಅನ್ನುತ್ತಾರೆ? ಅಂಥ ಒಂದು ಯೋಚನೆ ತ್ರಿಕಾಲ ಸಂಧ್ಯಾವಂದನೆಯ ನಡುವಿನ ಯಾವ ಹೊತ್ತಿನಲ್ಲಿ ಅವರಿಗೆ ಹೊಳೆಯಿತೋ ನಾನರಿಯೆ.

ಶ್ರಾವಣ ಬಹುಳ ಷಷ್ಠಿಗೆ ಮುಹೂರ್ತ ಇಟ್ಟುಕೊಟ್ಟವನು ನಾನೇ. ಒಂದು ಕೀಲಿಕೈ ಕಳೆದಿದೆ, ಪಿನ್ನು ಬದಲಿಸಬೇಕು ಎಂದಿದ್ದರು. ಅಂದು ಮೌನಪ್ಪ ಬಾಗಿಲಿನಿಂದ ಹಿತ್ತಾಳೆಯ ಉರುಳೆಯನ್ನು ಹೊರತೆಗೆದು, ಹಳೆಯ ಪಿನ್ನುಗಳನ್ನು ಅಂಗೈಗೆ ಉದುರಿಸಿಕೊಂಡು, ಹೊಸವನ್ನು ಚಿಮಟದಿಂದ ಒಂದೊಂದಾಗಿ ಕೂರಿಸಿದ. ನಾನು ಸ್ವಸ್ತಿ ಹೇಳಿ ಮೊದಲು ತಿರುಗಿಸಿದೆ. ಪದ್ಮನಾಭಯ್ಯನವರು, ಅವರ ಹೆಂಡತಿ, ಹಿರಿಯ ಮಗ, ಅವನ ಹೆಂಡತಿ ಎಲ್ಲರೂ ತಿರುಗಿಸಿದರು. ಮೌನಪ್ಪ ಬೆರಳು ಮಡಿಸಿ ಎಣಿಸಿದ.

“ಹಿತ್ತಿಲ ಜಗಲೀಲಿ ಇನ್ನೊಂದು ಕೈ ಅದೆ ಅಲ್ವಾ ಸ್ವಾಮಿ?” ಎಂದ.

“ಅವಳು ಹೊರಗೆ ಕೂತಿದಾಳೆ ಕಣಯ್ಯ. ಇವತ್ತು ಎರಡನೇ ದಿನ. ಬೀಗ ಮುಟ್ಟೋ ಹಾಗಿಲ್ಲ” ಎಂದರು ಪದ್ಮನಾಭಯ್ಯನವರು.

“ಹಂಗಾದ್ರೆ ಇದನ್ನ ಹಿಂಗೇ ಬಿಚ್ಚಿಟ್ಟು ನಾಡಿದ್ದು ಬತ್ತೀನಿ ಬಿಡಿ. ನಂಗೇನು, ಚೀಲ ಹೊರೋ ಕತ್ತೆ ನಾನೇ.”

“ನಾಡಿದ್ದು ಅಷ್ಟಮಿ. ಆಮೇಲೆ ಹದಿನೈದು ದಿನ ಮುಹೂರ್ತ ಇಲ್ಲ. ಮನೆ ಬಾಗಿಲು ತೆಗೆದುಕೊಂಡು ಕೂರೋಕಾಗತ್ತಾ? ಶಾಸ್ತ್ರಿಗಳೇ ಇದ್ದಾರಲ್ಲ, ಕೇಳು.”

ಮೌನಪ್ಪ ನನ್ನ ಮುಖ ನೋಡಿದ. ನಾನು ಪಂಚಾಂಗ ನೋಡಿದೆ. ಶುಭಕಾಲವು ಮುಗಿಯಲು ಅರ್ಧ ಗಳಿಗೆ ಉಳಿದಿತ್ತು. ಲೋಹಕ್ಕೆ ಬಂದ ಅಶುದ್ಧಿಯು ಬೂದಿಯಿಂದಲೂ ನೀರಿನಿಂದಲೂ ಕಳೆಯುತ್ತದೆಂದು ನಮ್ಮ ಪಾಠಶಾಲೆಯಲ್ಲಿ ಮೊದಲ ವರ್ಷದಲ್ಲೇ ಹೇಳಿಕೊಡುತ್ತಾರೆ. ಆಕೆ ಬಂದು ತಿರುಗಿಸಿ ಹೋದ ಮೇಲೆ ಒಂದು ಹಿಡಿ ಬೂದಿಯಲ್ಲಿ ಉಜ್ಜಿ, ಒಂದು ಚೊಂಬು ನೀರು ಹಾಕಿದ್ದರೆ ಮುಗಿಯುತ್ತಿತ್ತು. ನನಗದು ಗೊತ್ತಿತ್ತು. ಗೊತ್ತಿಲ್ಲದಿದ್ದರೆ ನಾನು ಈ ಕಥೆಯನ್ನು ಬರೆಯಬೇಕಾಗಿರಲಿಲ್ಲ. ಆದರೆ ಮುಹೂರ್ತವು ಮೀರುತ್ತಿತ್ತು, ಮುಹೂರ್ತವು ನನ್ನದಾಗಿತ್ತು, ಧರ್ಮದರ್ಶಿಗಳ ಪಡಸಾಲೆಯಲ್ಲಿ ಒಬ್ಬ ಹೆಣ್ಣುಮಗಳ ಮುಟ್ಟಿನ ವಿಚಾರವಾಗಿ ಬಾಯಿ ತೆರೆಯಲು ನನಗೆ ಸಂಕೋಚವಾಯಿತು. ಮೌನಪ್ಪ ಬೀದಿಗೆ ಮುಖಮಾಡಿ ಮೂರು ಸಲ ಕೇಳಿದ. ಮೂರನೆಯ ಸಲಕ್ಕೆ ನಾನು “ಉಳಿದಿಲ್ಲ” ಎಂದೆ.

ಹಿತ್ತಿಲ ಕಡೆಯಿಂದ ಚೊಂಬನ್ನು ಕಲ್ಲಿನ ಮೇಲೆ ಇಟ್ಟ ಸದ್ದು ಕೇಳಿಸಿತು.

ಅಲ್ಲಿಂದ ಮುಂದೆ ಪ್ರತಿದಿನವೂ ಶಾಲೆ ಬಿಟ್ಟ ಮೇಲೆ ವೈಜಯಂತಿ ತನ್ನ ಮನೆಯ ಮೆಟ್ಟಿಲ ಮೇಲೆ ನಿಲ್ಲುವುದನ್ನು ನಾನು ನಮ್ಮ ಜಗಲಿಯಿಂದ ಕಂಡೆ. ಆಕೆಯ ಬಳಿ ಕೀಲಿಕೈ ಇತ್ತು. ಅದನ್ನು ಕೊಟ್ಟಿದ್ದರು, ಕೊಟ್ಟಿದ್ದೇವೆ ಎಂದು ನಾಲ್ಕು ಜನಕ್ಕೆ ಹೇಳಿಕೊಂಡೂ ಇದ್ದರು. ಆಕೆ ಬಾಗಿಲು ತಟ್ಟಬೇಕು; ಒಳಗಿನವರು ಮಲಗಿ, ಎದ್ದು, ಕಾಫಿ ಕುಡಿದು, ನೆನಪಾದಾಗ ತೆಗೆಯಬೇಕು. ಜಡಿಮಳೆಯಲ್ಲಿ ಒಂದು ದಿನ ಒಂದೂವರೆ ಗಂಟೆ ನಿಂತಳು. ನನ್ನ ಹೆಂಡತಿ ವಿಶಾಲಾಕ್ಷಿ ಕೊಡೆ ಹಿಡಿದು ಹೋಗಿ ಕರೆದರೂ ಬರಲಿಲ್ಲ. ಮರಳಿ ಬಂದವಳು ಕೊಡೆಯನ್ನು ಮೂಲೆಗೆಸೆದು ನನ್ನ ಮುಂದೆ ನಿಂತಳು.

“ಅಲ್ಲಾ, ಗೋಡೆ ತುಂಬ ಗ್ರಂಥ ಇಟ್ಟಿದೀರಲ್ಲ. ಆವತ್ತು ನಿಮ್ಮ ಶಾಸ್ತ್ರ ಯಾವ ಕಪಾಟಿನಲ್ಲಿ ನಿದ್ದೆ ಮಾಡ್ತಿತ್ತು?”

“ಮುಹೂರ್ತ ಮೀರುತ್ತಿತ್ತು.”

“ಮೀರಲಿ. ಮೀರಿದ್ರೆ ಬೀಗ ಏನು ಅತ್ತು ಬಿಡ್ತಿತ್ತಾ? ಆ ಹುಡುಗಿ ಅಳ್ತಾನೂ ಇಲ್ಲ, ನೋಡಿ. ಅದೇ ನನಗೆ ತಡೆಯೋಕಾಗ್ತಿಲ್ಲ.”

ಮರುದಿನ ನಾನು ಪದ್ಮನಾಭಯ್ಯನವರನ್ನು ದೇವಸ್ಥಾನದಲ್ಲಿ ಕಂಡು, ಒಂದು ದಿನ ನೋಡಿ ಮತ್ತೆ ಪಿನ್ನು ಬದಲಿಸಿ ಎಂದೆ. ಅವರ ಸುತ್ತ ನಾಲ್ಕಾರು ಜನರಿದ್ದರು. ತೀರ್ಥದ ಕೈಯನ್ನು ತಲೆಗೆ ಸವರಿಕೊಂಡು ಮೆಲ್ಲಗೆ ನಕ್ಕರು.

“ಶಾಸ್ತ್ರಕ್ಕೆ ಅಡ್ಡ ಬರೋಕೆ ನಾವು ಯಾರು ಶಾಸ್ತ್ರಿಗಳೇ? ಗಂಡ ಹೋದವಳ ಕೈ ಹೆಬ್ಬಾಗಿಲ ಬೀಗಕ್ಕೆ ಸಲ್ಲೋದಿಲ್ಲ ಅಂತ ಸ್ಮೃತಿಯಲ್ಲೇ ಇದೆಯಂತೆ. ಸಾಲದ್ದಕ್ಕೆ ಉಳಿದಿಲ್ಲ ಅಂತ ನೀವೇ ಬಾಯಿ ಬಿಟ್ಟು ಹೇಳಿದೀರಿ.”

“ಯಾವ ಸ್ಮೃತಿ? ಯಾವ ಅಧ್ಯಾಯ?”

“ಎಲ್ಲೋ ಕೇಳಿದ ನೆನಪು. ನಿಮಗೇ ಗೊತ್ತಿರಬೇಕಲ್ಲ.”

ನೆರೆದವರು ತಲೆಯಾಡಿಸಿದರು. ನನ್ನ ಕೋಪವು ಹುಟ್ಟಿದ್ದು ಆ ಗಳಿಗೆಯಲ್ಲಿ. ಅಂಥದೊಂದು ವಾಕ್ಯ ಯಾವ ಸ್ಮೃತಿಯಲ್ಲೂ ಇಲ್ಲ. ಇರುವ ಹದಿನೆಂಟನ್ನೂ ತಿರುವಿಹಾಕಿದವನು ಹೇಳುತ್ತಿದ್ದೇನೆ. ಋಷಿಗಳ ಬಾಯಿಗೆ ತನ್ನ ದುರಾಸೆಯನ್ನು ತುರುಕುವವನು ನಾಸ್ತಿಕನಿಗಿಂತ ಕೀಳು. ನಾಸ್ತಿಕನು ದೇವರಿಲ್ಲವೆಂದು ತನ್ನ ಹೆಸರಿನಲ್ಲಿ ಹೇಳುತ್ತಾನೆ. ಇವನು ತನ್ನ ಮನಸ್ಸಿನ ಹೊಲಸನ್ನು ದೇವರ ಹೆಸರಿನಲ್ಲಿ ಹೇಳುತ್ತಾನೆ. ಆದರೆ ಆ ಸುಳ್ಳಿಗೆ ಆಧಾರವಾಗಿ ನಿಂತ ಕಂಬ ಯಾವುದು? ನನ್ನ ಒಂದು ಪದ. ಅದನ್ನಲ್ಲಗಳೆಯುವಂತಿರಲಿಲ್ಲ. ಅಂದು ನಾನು ಪ್ರವಚನ ಮಾಡದೆ ಪುಸ್ತಕ ಮಡಿಸಿ ಮನೆಗೆ ಬಂದೆ.

ಕಾರ್ತೀಕದಲ್ಲಿ ಪದ್ಮನಾಭಯ್ಯನವರ ಮನೆಯವರೆಲ್ಲ ಮೂರು ದಿನದ ಮದುವೆಗೆಂದು ಪರಸ್ಥಳಕ್ಕೆ ಹೋದರು. ಆಕೆ ಶಾಲೆಗೆ ಹೋದ ಮೇಲೆ ಹೊರಟರು, ಆಕೆಗೆ ಹೇಳಿರಲಿಲ್ಲ. ನಾಲ್ಕೂವರೆಗೆ ವೈಜಯಂತಿ ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟನ್ನು ಎದೆಗೊತ್ತಿಕೊಂಡು ಬಂದಳು. ತಟ್ಟಿದಳು. ಮತ್ತೆ ತಟ್ಟಿದಳು. ಪಕ್ಕದ ಮನೆಯಾಕೆ ಕಿಟಕಿಯಿಂದ ವಿಷಯ ಹೇಳಿದಳು. ಆಗ ಆಕೆ ಕಟ್ಟನ್ನು ಮೆಟ್ಟಿಲ ಮೇಲಿಟ್ಟು, ಕೀಲಿಕೈ ತೆಗೆದು ಬೀಗಕ್ಕೆ ಹಾಕಿ, ತಿರುಗಿಸಿದಳು. ಅದು ಸುತ್ತಿತು, ಸುತ್ತಿತು. ಕಾರ್ಯವಾಗದೆಂದು ತಿಳಿದೂ ಹತ್ತಾರು ಸಲ ತಿರುಗಿಸಿದಳು. ಆಮೇಲೆ ಮೆಟ್ಟಿಲ ಮೇಲೆ ಕುಳಿತು, ಕಟ್ಟು ಬಿಚ್ಚಿ, ಕೆಂಪು ಪೆನ್ನು ತೆಗೆದು ಪತ್ರಿಕೆ ತಿದ್ದತೊಡಗಿದಳು.

ವಿಶಾಲಾಕ್ಷಿ ಹೋಗಿ ಕರೆದಳು. “ನಮ್ಮನೇಲಿ ಮಲಗು ಬಾರೇ. ಮೂರು ದಿನ ಏನು ಮಹಾ?”

“ಬೇಡ ಅಮ್ಮಾ. ಮನೆ ಇಲ್ಲದವರು ಬೇರೆಯವರ ಮನೆಯಲ್ಲಿ ಮಲಗುತ್ತಾರೆ. ನನಗೆ ಮನೆ ಇದೆ” ಎಂದು ತಲೆಯೆತ್ತದೆ ಹೇಳಿದಳು.

ಆ ಮಾತು ಬೀದಿ ದಾಟಿ ನನ್ನ ಕಿವಿಗೆ ಬಿತ್ತು. ನಾನು ಉತ್ತರೀಯ ಹೊದ್ದು ಕೆಳಗಿಳಿದೆ. ಇಡೀ ಬೀದಿ ನೋಡುವಂತೆ ನಡುಬೀದಿಯಲ್ಲಿ ನಡೆದು ಆಕೆಯ ಮುಂದೆ ನಿಂತು ಕೈಚಾಚಿದೆ.

“ಕೀಲಿಕೈ ಕೊಡು ತಾಯಿ.”

ಆಕೆ ನನ್ನನ್ನು ದೀರ್ಘವಾಗಿ ನೋಡಿದಳು. ಕೊಟ್ಟಳು. ನಾನು ತಿರುಗಿಸಿದೆ. ಅಗುಳಿ ಟಕ್ಕೆಂದು ಸರಿಯಿತು. ಕರೆಯದೆ ಇನ್ನೊಬ್ಬರ ಬಾಗಿಲನ್ನು ನಾನು ತೆರೆದದ್ದು ಜೀವನದಲ್ಲಿ ಅದೇ ಮೊದಲು. ಪಕ್ಕದ ಕಿಟಕಿಯಲ್ಲಿ ಯಾರೋ ಉಸಿರೆಳೆದುಕೊಂಡದ್ದು ಕೇಳಿಸಿತು. ವೈಜಯಂತಿ ಕಟ್ಟನ್ನೆತ್ತಿಕೊಂಡು ಒಳಗೆ ಹೋದಳು. ಧನ್ಯವಾದ ಹೇಳಲಿಲ್ಲ. ಹೇಳಿದ್ದರೆ ನನಗೆ ನಾಚಿಕೆಯಾಗುತ್ತಿತ್ತು.

ಮೂರು ದಿನವೂ ಹಾಗೆಯೇ ಮಾಡಿದೆ. ನಾಲ್ಕನೆಯ ದಿನ ಪದ್ಮನಾಭಯ್ಯನವರು ಮದುವೆಯ ಶಲ್ಯವನ್ನೂ ಬಿಚ್ಚದೆ ನಮ್ಮ ಜಗಲಿಗೆ ಬಂದರು.

“ಕಳ್ಳನ ಹಾಗೆ ನನ್ನ ಮನೆ ಬಾಗಿಲು ತೆಗೆದಿರಂತೆ!”

“ಕಳ್ಳನು ನಾಲ್ಕೂವರೆ ಗಂಟೆಗೆ, ಬೀದಿಯೆಲ್ಲ ನೋಡುತ್ತಿರುವಾಗ, ಮನೆಯವಳು ಕೊಟ್ಟ ಕೀಲಿಕೈಯಿಂದ ತೆಗೆಯುವುದಿಲ್ಲ.”

“ಬೀಗ ನಿಮ್ಮ ಕೈ ಬಲ್ಲದು ಅಂತ ಊರು ನಿಮ್ಮನ್ನ ನಂಬಿತ್ತು ಶಾಸ್ತ್ರಿಗಳೇ. ಆ ನಂಬಿಕೆಗೆ ದ್ರೋಹ ಮಾಡಿದಿರಿ.”

“ಆ ನಂಬಿಕೆಗೆ ನಾನು ದ್ರೋಹ ಮಾಡಿದ್ದು ಶ್ರಾವಣದಲ್ಲಿ. ಈಗ ಮಾಡುತ್ತಿರುವುದು ಪ್ರಾಯಶ್ಚಿತ್ತ. ನಾಳೆಯೂ ಬರುತ್ತೇನೆ. ನಿಮ್ಮ ಸ್ಮೃತಿಯ ಆ ವಾಕ್ಯ ಸಿಕ್ಕಿದ ದಿನ ತಂದು ತೋರಿಸಿ, ನಿಲ್ಲಿಸುತ್ತೇನೆ.”

ಹೇಳಿದಂತೆಯೇ ನಡೆದುಕೊಂಡೆ. ಆಕೆ ಮೆಟ್ಟಿಲೇರುವ ಹೊತ್ತಿಗೆ ನಾನು ಬೀದಿ ದಾಟಿರುತ್ತಿದ್ದೆ. ಒಳಗೆ ಜನರಿದ್ದರೂ ತೆರೆಯುತ್ತಿದ್ದೆ. ಒಮ್ಮೆ ಪಡಸಾಲೆಯಲ್ಲಿ ಕೂತಿದ್ದ ಹಿರಿಯ ಮಗ ಪಂಚೆ ಸರಿಮಾಡಿಕೊಳ್ಳುತ್ತ ಎದ್ದು ಓಡಿದ. ಇದರ ಫಲ ಬೇಗನೆ ಬಂತು. ಕರೆಯದೆ ಬಾಗಿಲು ತೆಗೆಯುವವನ ಕೈ ನಮ್ಮ ಬೀಗದಲ್ಲೇಕೆ ಎಂದು ಒಂದೊಂದು ಮನೆಯೂ ಯೋಚಿಸತೊಡಗಿತು. ಹದಿನೈದು ದಿನದೊಳಗೆ ಊರೆಲ್ಲ ಪಿನ್ನು ಬದಲಿಸಿತು. ನನ್ನಿಂದ ಅಕ್ಷರಾಭ್ಯಾಸ ಮಾಡಿಸಿಕೊಂಡವರೂ ಬದಲಿಸಿದರು. ಸ್ವಸ್ತಿ ಹೇಳಲು ಯಾರನ್ನೂ ಕರೆಯಲಿಲ್ಲ. ಮನೆಯ ಯಜಮಾನರೇ ಉತ್ತರ ಹೇಳುವುದೆಂದು ಮಾಡಿಕೊಂಡರು. ಮೌನಪ್ಪ ಸಂಜೆ ನಮ್ಮ ಜಗಲಿಯಲ್ಲಿ ಚೀಲವಿಳಿಸಿ, ವಿಶಾಲಾಕ್ಷಿ ಕೊಟ್ಟ ಕಾಫಿ ಹೀರುತ್ತ ವರದಿ ಒಪ್ಪಿಸುತ್ತಿದ್ದ.

“ಇವತ್ತು ಮೂರು ಮನೆ ಸ್ವಾಮಿ. ನಿಮ್ಮ ಕೈ ಹೊರಗೆ ಹಾಕೋದ್ರಲ್ಲೇ ನನ್ನ ಕೈ ಬಿದ್ದೋಯ್ತು. ನಾಳೆ ಎದುರು ಮನೆ. ಬೆಳಗ್ಗೆ ಹನ್ನೊಂದಕ್ಕೇ ಬಾ ಅಂದವ್ರೆ.”

“ಹನ್ನೊಂದಕ್ಕೆ ಆಕೆ ಶಾಲೆಯಲ್ಲಿರುತ್ತಾಳೆ” ಎಂದೆ.

“ಅದ್ಕೇ ಅಲ್ವಾ ಹನ್ನೊಂದು ಅಂದಿದ್ದು.” ಅವನು ಲೋಟದ ತಳ ನೋಡಿದ. “ಆವತ್ತು ಮೂರು ಸಲ ಕೇಳ್ದೋನು ನಾನೇ ಸ್ವಾಮಿ. ನಾಲ್ಕನೇ ಸಲ ಕೇಳ್ಬೋದಿತ್ತು. ಕೇಳ್ಬಾರ್ದು ಅಂತ ಯಾರೂ ಹೇಳಿರ್ನಿಲ್ಲ.”

ಮಾರ್ಗಶಿರದ ಆ ದಿನ ಹತ್ತು ಗಂಟೆಗೇ ನಾನು ಎಡಗೈಯ ಬಾಳೆಯೆಲೆಯಲ್ಲಿ ಒಂದು ಹಿಡಿ ಬೂದಿ, ಬಲಗೈಯಲ್ಲಿ ಒಂದು ಚೊಂಬು ನೀರು ಹಿಡಿದು ಬೀದಿಯ ಮಧ್ಯೆ ನಿಂತೆ. ಮೈಲಿಗೆಯ ನೆಪವನ್ನು ಯಾರಾದರೂ ಎತ್ತಿದರೆ ಅಲ್ಲಿಯೇ ಉತ್ತರ ಕೊಡುವೆನೆಂಬ ಹಠ. ಜನ ನೋಡಿದರು, ಹೋದರು. ಮಧ್ಯಾಹ್ನ ವಿಶಾಲಾಕ್ಷಿ ಬಂದು ಮಜ್ಜಿಗೆಯ ಲೋಟವನ್ನು ತಾನೇ ಹಿಡಿದು ಕುಡಿಸಿ, “ಕೈ ಇಳಿಸಬೇಡಿ, ನಿಂತಿರಿ” ಎಂದಳು. ಮದುವೆಯಾದ ನಲವತ್ತು ವರ್ಷಗಳಲ್ಲಿ ನನ್ನ ವಿದ್ವತ್ತಿಗೆ ಆಕೆ ಕೊಟ್ಟ ಮೊದಲ ಮನ್ನಣೆ ಅದು.

ಎದುರು ಬಾಗಿಲಿನಲ್ಲಿ ಮೌನಪ್ಪ ಕೂತಿದ್ದ. ಅವನು ಅಂದು ಮಾಡಿದಷ್ಟು ನಿಧಾನವಾಗಿ ಯಾವ ಆಚಾರಿಯೂ ಕೆಲಸ ಮಾಡಿರಲಾರ. ಸ್ಕ್ರೂ ಒಂದು ಚರಂಡಿಗೆ ಬಿತ್ತು, ಅದನ್ನು ಹುಡುಕಿದ. ಪಿನ್ನು ಕೂರುತ್ತಿಲ್ಲವೆಂದು ಅರದಿಂದ ಉಜ್ಜಿದ, ಉಜ್ಜಿದ್ದು ಹೆಚ್ಚಾಯಿತೆಂದು ಬೇರೆ ತೆಗೆದ. ಊಟಕ್ಕೆ ಹೋದವನು ಎರಡು ಗಂಟೆ ಬರಲಿಲ್ಲ. ಸ್ಪ್ರಿಂಗು ಮರೆತೆನೆಂದು ಮತ್ತೆ ಹೋದ.

“ಊರಿನ ನಲವತ್ತು ಬೀಗ ಒಂದೊಂದು ಗಂಟೇಲಿ ಮಾಡಿದವನಿಗೆ ಇವತ್ತೇನಯ್ಯ ರೋಗ?” ಎಂದು ಪದ್ಮನಾಭಯ್ಯನವರು ಕೂಗಿದರು.

“ಹಳೇ ಬೀಗ ಸ್ವಾಮಿ. ಆತುರ ಮಾಡಿದ್ರೆ ಮನೆಯವ್ರನ್ನೇ ಮರ್ತುಬಿಡ್ತದೆ.”

ನಾಲ್ಕೂವರೆಗೆ ಅವನು ಕೊನೆಯ ಸ್ಕ್ರೂ ಬಿಗಿದ. ಮನೆಯವರು ಒಬ್ಬೊಬ್ಬರಾಗಿ ತಿರುಗಿಸಿದರು. ಅವನು ಎದ್ದು, ಅಂಗೈ ಒರೆಸಿಕೊಂಡು, ಬೀದಿಗೆ ಮುಖಮಾಡಿದ. ಬೀದಿಯ ತುದಿಯಲ್ಲಿ ವೈಜಯಂತಿ ಬರುತ್ತಿದ್ದಳು.

“ಈ ಮನೆಯ ಕೈ ಇನ್ನೊಂದು ಉಳಿದಿದೆಯೇ?”

ಜಗಲಿಗಳಲ್ಲಿ ಜನ ಎದ್ದು ನಿಂತರು. ಪದ್ಮನಾಭಯ್ಯನವರು ಬೀದಿಯ ತುದಿಯನ್ನೇ ನೋಡಿದರು. ಎರಡನೆಯ ಸಲ ಕೇಳಿದಾಗ ಅವರು ಒಮ್ಮೆ ನನ್ನ ಕಡೆಗೆ, ನನ್ನ ಕೈಯ ಬೂದಿಯ ಕಡೆಗೆ ನೋಡಿದರು. ನಾನು ತುಟಿ ಬಿಚ್ಚಲಿಲ್ಲ. ಆ ಮಾತನ್ನು ಇನ್ನೊಬ್ಬರ ಬಾಯಿಂದ ಆಡಿಸುವುದಷ್ಟೇ ಅವರಿಗೆ ಗೊತ್ತಿತ್ತು. ಶಾಸ್ತ್ರಿಯೊಬ್ಬನ ಮರೆಯಿಲ್ಲದೆ, ಸ್ಮೃತಿಯ ಹೆಸರಿಲ್ಲದೆ, ಸತ್ತ ಮಗನ ಹೆಂಡತಿ ಕಣ್ಣೆದುರಿಗೆ ನಡೆದು ಬರುತ್ತಿರುವಾಗ, ಈ ಮನೆಗೆ ಈಕೆ ಸೇರಿದವಳಲ್ಲ ಎಂದು ತನ್ನ ಸ್ವಂತ ನಾಲಗೆಯಿಂದ ಹೇಳುವ ಧೈರ್ಯ ಆ ಮನುಷ್ಯನಿಗಿರಲಿಲ್ಲ. ಇಷ್ಟೇ ಇದ್ದದ್ದು ಅವರ ಬಲ. ಆ ಬಲವನ್ನು ಒದಗಿಸಿದವನು ನಾನು.

ಮೂರನೆಯ ಸಲ ಕೇಳಿದಾಗ ಅವರು, “ಅವಳಿಗೆ ಇವತ್ತು...” ಎಂದು ತೊಡಗಿದರು.

“ಶಾಲೆಯಲ್ಲಿ ಶಾರದಾ ಪೂಜೆ ಮಾಡಿ ಬರುತ್ತಿದ್ದೇನೆ ಮಾವಯ್ಯ. ಪ್ರಸಾದ ತಂದಿದ್ದೇನೆ” ಎಂದಳು ವೈಜಯಂತಿ. ಆಮೇಲೆ ಮೌನಪ್ಪನ ಕಡೆಗೆ ತಿರುಗಿ, ತರಗತಿಯ ಹಿಂದಿನ ಸಾಲಿಗೂ ಕೇಳಿಸುವ ದನಿಯಲ್ಲಿ, “ಉಳಿದಿದೆ. ನನ್ನದು” ಎಂದಳು.

ಮೌನಪ್ಪ ದಾರಿ ಬಿಟ್ಟ. ಹೊಸ ಕೀಲಿಕೈಯನ್ನು ಬೀಗದಲ್ಲೇ ಬಿಟ್ಟಿದ್ದ. ಪದ್ಮನಾಭಯ್ಯನವರು ಎರಡು ಹೆಜ್ಜೆ ಹಿಂದೆ ಸರಿದರು. ಆಕೆ ಮೆಟ್ಟಿಲೇರುವ ಮೊದಲು ನನ್ನೆದುರು ನಿಂತಳು. ಎಲೆಯ ಬೂದಿಯನ್ನೂ ಚೊಂಬನ್ನೂ ಆಕೆಗೆ ಕಾಣುವಂತೆ ಮುಂದಕ್ಕೆ ಹಿಡಿದೆ.

“ಬೇಡ ಶಾಸ್ತ್ರಿಗಳೇ” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. “ಇದು ಬೇಕಾಗಿದ್ದದ್ದು ಆವತ್ತು.”

ಮೆಟ್ಟಿಲೇರಿದಳು. ಕೀಲಿಕೈ ತಿರುಗಿತು. ಅಗುಳಿ ಸರಿದ ಸದ್ದು ಬೀದಿಯ ಈಚೆಗೂ ಕೇಳಿಸಿತು. ಸ್ವಲ್ಪ ಹೊತ್ತಿನಲ್ಲಿ ಆ ಮನೆಯ ಸಂಜೆಯ ದೀಪ ಹತ್ತಿತು.

ಈಗ ಊರಿನಲ್ಲಿ ನನ್ನ ಕೈ ಬಲ್ಲ ಬೀಗ ನನ್ನ ಮನೆಯದೊಂದೇ. ಅದಕ್ಕಾಗಿ ನಾನು ವ್ಯಥೆಪಡುವುದಿಲ್ಲ. ನಲವತ್ತೊಂದು ಬಾಗಿಲುಗಳ ವಿಶ್ವಾಸಕ್ಕೆ ನಾನು ಯೋಗ್ಯನಾಗಿರಲಿಲ್ಲವೆಂಬುದನ್ನು ಅವು ತಡವಾಗಿ ತಿಳಿದುಕೊಂಡವು, ಅಷ್ಟೆ. ಪದ್ಮನಾಭಯ್ಯನವರು ಈಗಲೂ ಮೊದಲ ತೀರ್ಥ ತೆಗೆದುಕೊಳ್ಳುತ್ತಾರೆ; ನೋಡಿದಾಗಲೆಲ್ಲ ಮೈ ಉರಿಯುತ್ತದೆ. ಬೆಳಗ್ಗೆ ಒಂಬತ್ತೂಕಾಲಿಗೆ ವೈಜಯಂತಿ ಬಾಗಿಲೆಳೆದುಕೊಂಡು ಹೋಗುತ್ತಾಳೆ, ಸಂಜೆ ನಾಲ್ಕೂವರೆಗೆ ಬಾಗಿಲು ತಟ್ಟದೆ ತಾನೇ ತೆರೆದು ಒಳಗೆ ಹೋಗುತ್ತಾಳೆ. ನಾನು ಜಗಲಿಯಲ್ಲಿ ಪಾರಾಯಣಕ್ಕೆ ಕೂತಿರುತ್ತೇನೆ. ಆ ಸದ್ದಿಗೆ ನನ್ನ ಓದು ದಿನವೂ ತಪ್ಪುತ್ತದೆ. ಅದೇ ಶ್ಲೋಕವನ್ನು ಮತ್ತೆ ಮೊದಲಿನಿಂದ ಹೇಳುತ್ತೇನೆ. ಆ ಬೂದಿಯನ್ನು ನಾನು ಚೆಲ್ಲಲಿಲ್ಲ. ಒಂದು ಕರಡಿಗೆಯಲ್ಲಿ ತುಂಬಿ, ಸ್ಮೃತಿಗಳ ಕಪಾಟಿನಲ್ಲಿ, ಗ್ರಂಥಗಳ ಮುಂದೆ ಇಟ್ಟಿದ್ದೇನೆ. ಯಾವ ಗ್ರಂಥವನ್ನು ತೆಗೆಯಬೇಕಾದರೂ ಮೊದಲು ಅದನ್ನು ಪಕ್ಕಕ್ಕೆ ಸರಿಸಬೇಕು.